ಒಂದು ಬೆರಳು ಎಡಕ್ಕೆ

ನಮ್ಮ ಮನೆಯ ಬೈಕಿನ ಮೂತಿ ಒಂದು ಬೆರಳಿನಷ್ಟು ಎಡಕ್ಕೆ ನೋಡುತ್ತದೆ. ನನಗೆ ಗೊತ್ತೇ ಇಲ್ಲವೇನೋ ಎಂಬಂತೆ ಊರೆಲ್ಲ ಇದನ್ನು ನನಗೆ ಹೇಳುತ್ತದೆ. ಬಾವಲಿ ಚೆಕ್‌ಪೋಸ್ಟಿನಲ್ಲಿ ಗೇಟು ಎತ್ತುವವನು ಹೇಳಿದ್ದಾನೆ. ಪೆಟ್ರೋಲ್ ಬಂಕಿನ ಹೆಂಗಸು ಪೈಪು ಹಿಡಿದುಕೊಂಡೇ ತಲೆ ವಾಲಿಸಿ ನೋಡಿ ಹೇಳಿದ್ದಾಳೆ. ಮೀನು ಮಾರುವ ಹಂಸ ಇದ್ದಾನಲ್ಲ, ಅವನ ಗಾಡಿಗೆ ಹಿಂದಿನ ಮಡ್‌ಗಾರ್ಡೇ ಇಲ್ಲ, ಮಳೆಗಾಲದಲ್ಲಿ ಅವನ ಬೆನ್ನ ಮೇಲೆ ಕೆಸರಿನ ಗೆರೆ ಕುತ್ತಿಗೆಯವರೆಗೂ ಹತ್ತಿರುತ್ತದೆ. ಅವನೂ ಬ್ರೇಕು ಹಾಕಿ ನಿಂತು, ರತ್ನಚೇಚಿ, ಇದರ ಮುಖ ಸೊಟ್ಟ ಎಂದು ಹೇಳಿ ಹೋಗಿದ್ದಾನೆ. ಅಕ್ಕನಿಗೆ ಇಲ್ಲಿ ಚೇಚಿ ಎನ್ನುತ್ತಾರೆ. ಹೊಸದು ತರಿಸಿ ಹಾಕಿದರೆ ಅರ್ಧ ಗಂಟೆಯ ಕೆಲಸವಂತೆ. ಇರಬಹುದು. ನಾನು ಹಾಕಿಸುವುದಿಲ್ಲ.

ಯಾಕೆ ಎಂದು ಕೇಳುವಷ್ಟು ಪುರುಸೊತ್ತು ನಿಮಗಿದ್ದರೆ ಹೇಳುತ್ತೇನೆ. ಆದರೆ ನಾನು ಹೇಳುವ ರೀತಿ ಸ್ವಲ್ಪ ಅಡ್ಡಾದಿಡ್ಡಿ. ಓದಿದ್ದು ಏಳನೇ ಕ್ಲಾಸು, ಅದೂ ಮಲಯಾಳದಲ್ಲಿ. ಕನ್ನಡ ನಮಗೆ ಮನೆಯೊಳಗಿನ ಮಾತು. ಅಪ್ಪ ಅವ್ವ ಹೊಳೆಯಾಚೆಯ ಕನ್ನಡ ಸೀಮೆಯಿಂದ, ಕೋಟೆ ಕಡೆಯಿಂದ ಕೂಲಿಗೆ ಬಂದು ಇಲ್ಲೇ ಉಳಿದವರು. ಕನ್ನಡ ಅಕ್ಷರ ನಾನು ಕಲಿತದ್ದು ಹೊಲಿಗೆಯಿಂದ. ಜಗಲಿಯಲ್ಲಿ ನನ್ನ ಮಿಷನ್ ಇದೆ. ಈ ಕಡೆಯವರ ಚೂಡಿದಾರ, ಹೊಳೆಯಾಚೆಯವರ ಬ್ಲೌಸು, ಎರಡನ್ನೂ ಹೊಲಿಯುತ್ತೇನೆ. ಆಚೆಯವರು ಬಟ್ಟೆ ಸುತ್ತಿ ತರುತ್ತಿದ್ದ ಕನ್ನಡ ಪೇಪರಿನಲ್ಲೇ ಅಳತೆಯ ಮಾದರಿ ಕತ್ತರಿಸುತ್ತಿದ್ದೆ, ಕತ್ತರಿಸುವ ಮೊದಲು ಓದುತ್ತಿದ್ದೆ. ಅದಕ್ಕೇ ನನ್ನ ವಾಕ್ಯಗಳಿಗೆ ಕಂಕುಳ ಹತ್ತಿರ ಎಲ್ಲಾದರೂ ಕತ್ತರಿ ಬಿದ್ದಿದ್ದರೆ ಅನುಸರಿಸಿಕೊಳ್ಳಿ.

ಮೂರನೇ ಕ್ಲಾಸಿನಲ್ಲಿ ಒಂದು ದಿನ ನನ್ನ ಪುಸ್ತಕ ಹೊಳೆಗೆ ಬಿತ್ತು. ನಿಜಕ್ಕೂ ಬಿತ್ತು. ಹಾಗೆಂದು ಹೇಳಿದೆ. ಮಾಷು, ಅಂದರೆ ನಮ್ಮ ಮೇಷ್ಟ್ರು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ನೇರಾಣೋ?" ಎಂದರು. ಮಲಯಾಳದಲ್ಲಿ ನೇರು ಎಂದರೆ ನಿಜ. ನೀನು ಹೇಳಿದ್ದು ನಿಜವೇ ಎಂದು ಅವರು ಕೇಳಿದ್ದರು. ನನ್ನ ಕಿವಿಗೆ ಬಿದ್ದದ್ದು ಮನೆಮಾತಿನ ನೇರ. ನೆಟ್ಟಗೆ ನಿಂತಿಲ್ಲ ಎಂದು ಗದರುತ್ತಿದ್ದಾರೆ ಎಂದುಕೊಂಡು ಬೆನ್ನು ಸೆಟೆಸಿ, ಕೈ ಇಳಿಬಿಟ್ಟು ನಿಂತೆ. ಅವರು ಇನ್ನೂ ಗಟ್ಟಿಯಾಗಿ ಕೇಳಿದರು. ನಾನು ಗದ್ದವನ್ನೂ ಎತ್ತಿದೆ. ಮೂರನೇ ಸಲಕ್ಕೆ ಹಿಮ್ಮಡಿಯೂ ಎದ್ದಿತು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಒಂದೇ ಹಾಲಿನಲ್ಲಿ, ಚಾಪೆಯ ಮರೆಯಾಚೆ ಒಂದನೇ ಕ್ಲಾಸು. ಅಲ್ಲಿಂದ ಇಣುಕಿ ನೋಡಿ ನಕ್ಕವರಲ್ಲಿ ನನ್ನ ತಮ್ಮ ನಂಜುಂಡನೂ ಇದ್ದ.

ಅಂದು ಸಂಜೆ ಅವನು ಅಪ್ಪನ ಮುಂದೆ ಅದನ್ನು ಆಡಿ ತೋರಿಸಿದ, ಮಾಷೂ ಅವನೇ, ನಾನೂ ಅವನೇ. ಆಮೇಲೆ ಮನೆಯಲ್ಲಿ ಬೆಲ್ಲದ ಡಬ್ಬ ಖಾಲಿಯಾದರೂ ಅಷ್ಟೇ, ಕೋಳಿ ಮೊಟ್ಟೆ ಒಂದು ಕಡಿಮೆಯಾದರೂ ಅಷ್ಟೇ, ಮಾಷಿನ ದನಿಯಲ್ಲಿ, "ನೇರಾಣೋ?" ನನ್ನ ಬೆನ್ನು ಹೇಳದೆ ಕೇಳದೆ ಸೆಟೆದು ನಿಲ್ಲುತ್ತಿತ್ತು. ಈಗ ನನಗೆ ಮೂವತ್ತೊಂಬತ್ತು. ಈಗಲೂ ನಿಲ್ಲುತ್ತದೆ.

ನೆಟ್ಟಗೆ ಮಾಡುವುದರಲ್ಲಿ ನನಗೆ ಇನ್ನೊಂದು ಪಾಠವೂ ಆಗಿದೆ. ಅಪ್ಪ ಎಸ್ಟೇಟುಗಳಲ್ಲಿ ಹಳೆಯ ಪಾಡಿಗಳನ್ನು, ಅಂದರೆ ಕೂಲಿಯವರ ಸಾಲುಮನೆಗಳನ್ನು ಕೆಡವುವ ಕೆಲಸಕ್ಕೆ ಹೋಗುತ್ತಿದ್ದ. ಬರುವಾಗ ಪಂಚೆಯ ಮಡಿಕೆಯಲ್ಲಿ ಹಳೆಯ ಮೊಳೆ ತರುತ್ತಿದ್ದ, ಒಂದೊಂದೂ ಒಂದೊಂದು ಕಡೆಗೆ ಬಾಗಿದ್ದು. ಒರಳುಕಲ್ಲಿನ ಅಂಚಿನ ಮೇಲೆ ಇಟ್ಟು ಅವನ್ನು ನೆಟ್ಟಗೆ ಮಾಡುವುದು ನನ್ನ, ನಂಜನ ಕೆಲಸ. ತುದಿಗೆ ಹೊಡೆಯಬಾರದು, ಉಬ್ಬಿದ ಬೆನ್ನಿಗೆ ಹೊಡೆಯಬೇಕು. ಮೊಳೆ ಯಾವ ಕಡೆಯಿಂದ ಏಟು ತಿಂದಿದೆ ಎಂದು ಮೊದಲು ನೋಡು, ಅದೇ ಹೇಳುತ್ತದೆ, ಎನ್ನುತ್ತಿದ್ದ ಅಪ್ಪ. ಇನ್ನೊಂದೇ ಒಂದು ಏಟು ಎನ್ನಿಸಿದಾಗ ಸುತ್ತಿಗೆ ಕೆಳಗಿಡು ಎಂದೂ ಹೇಳುತ್ತಿದ್ದ. ನಂಜ ಹತ್ತು ಮೊಳೆ ಮಾಡುವಷ್ಟರಲ್ಲಿ ನಾನು ಇಪ್ಪತ್ತು ಮಾಡುತ್ತಿದ್ದೆ. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ, ಬೇಕಾದರೆ ಅವನನ್ನೇ ಕೇಳಿ. ಮೊಳೆಯ ವಿಷಯದಲ್ಲಿ ಇಷ್ಟು ತಿಳಿದಿದ್ದ ಅಪ್ಪ ಸಂಜೆಯಾದರೆ ಹೊಳೆಯಾಚೆಗೆ ಕುಡಿಯಲು ಹೋಗುತ್ತಿದ್ದ, ಸೈಕಲ್ಲು ಸಮೇತ ಬೇಲಿಯಲ್ಲಿ ಸಿಗುತ್ತಿದ್ದ. ಅವನು ಹೋಗಿ ಎಷ್ಟೋ ವರ್ಷವಾಯಿತು. ಆದರೂ ಯಾರಾದರೂ ಬಿದ್ದರು ಎಂದು ಕೇಳಿದರೆ ಅವ್ವ ಮೊದಲು ಅವರ ಬಾಯಿಯ ವಾಸನೆ ನೋಡುತ್ತಾಳೆ.

ನಂಜ ಪನಮರದಲ್ಲಿ ಬಿತ್ತನೆ ಬೀಜದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಎರಡು ಬಸ್ಸು ಬದಲಾಯಿಸಿ ಸಾಕಾಗಿ ಒಂದು ಬೈಕು ಕೊಂಡ. ಹಳೆಯದೇ, ಆದರೆ ಮುಂದೆ ಗಾಳಿ ಸೀಳುವ ಪ್ಲಾಸ್ಟಿಕ್ಕಿನ ಮುಖವಾಡ ಇರುವಂಥದ್ದು. ಅದಕ್ಕೆ ಇಲ್ಲಿಯವರು ಡೂಮ್ ಎನ್ನುತ್ತಾರೆ. ದೀಪ, ಮೀಟರು ಎಲ್ಲ ಅದರೊಳಗೇ. ಅದನ್ನು ಬೈಕಿಗೆ ಹಿಡಿದಿಡುವುದು ಒಳಗಿರುವ ಕಬ್ಬಿಣದ ಎರಡು ಕೊಂಬು. ಮೆಕ್ಯಾನಿಕ್ಕುಗಳು ಅದನ್ನು ಸ್ಟೇ ಎನ್ನುತ್ತಾರೆ. ನಾನು ಕೊಂಬು ಎಂದೇ ಹೇಳುತ್ತೇನೆ, ಪ್ಲಾಸ್ಟಿಕ್ ಬಿಚ್ಚಿದರೆ ಎಳೆಯ ಹೋರಿಯ ತಲೆಯ ಹಾಗೆಯೇ ಕಾಣುತ್ತದೆ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಅವ್ವನ ಕಣ್ಣು ತೋರಿಸಲು ನಂಜ ಅವಳನ್ನು ಮಾನಂತವಾಡಿಗೆ ಕರೆದುಕೊಂಡು ಹೋದ ದಿನ. ಅವ್ವ ಬೈಕು ಹತ್ತುವುದಿಲ್ಲ, ಅದಕ್ಕೆ ಬಸ್ಸಿನಲ್ಲಿ ಹೋದರು. ಬೈಕು ಅಂಗಳದಲ್ಲಿತ್ತು, ಕೀಲಿ ದೇವರ ಪಟದ ಕೆಳಗಿನ ಮೊಳೆಯಲ್ಲಿತ್ತು. ಎಷ್ಟೋ ವರ್ಷದ ಕೆಳಗೆ ಕೊಯ್ದ ಗದ್ದೆಯಲ್ಲಿ ನಂಜ ಗೆಳೆಯನ ಬೈಕಿನಲ್ಲಿ ನನಗೆ ಎರಡು ದಿನ ಕಲಿಸಿದ್ದ. ಮೂರನೇ ದಿನ ಅವ್ವ ನೋಡಿ ನಿಲ್ಲಿಸಿದ್ದಳು. ಆ ಮೂರನೇ ದಿನ ನನಗೆ ಬಾಕಿ ಇತ್ತು. ಕೀಲಿ ತೆಗೆದೆ. ಯಾವ ಕೆಲಸಕ್ಕೆ ಎಂದು ಕೇಳಬೇಡಿ, ಯಾವ ಕೆಲಸವೂ ಇರಲಿಲ್ಲ. ಔಷಧಿ ತರಲಿಕ್ಕಲ್ಲ, ಬ್ಲೌಸು ಕೊಡಲಿಕ್ಕಲ್ಲ. ಓಡಿಸಬೇಕು ಎನ್ನಿಸಿತು, ಓಡಿಸಿದೆ. ಇದಕ್ಕೆ ನಾನು ಯಾರ ಹತ್ತಿರವೂ ಕ್ಷಮೆ ಕೇಳಿಲ್ಲ, ಇಲ್ಲಿಯೂ ಕೇಳುವುದಿಲ್ಲ.

ಮೈಮೇಲೆ ನೈಟಿ, ಅದರ ಮೇಲೆ ನಂಜನ ಹಳೆಯ ಶರ್ಟು. ನಮ್ಮ ಕಡೆ ಹೆಂಗಸರು ಕಾಪಿ ಕೊಯ್ಯುವುದೂ ಹೀಗೆಯೇ, ರೇಷನ್ನಿಗೆ ಹೋಗುವುದೂ ಹೀಗೆಯೇ. ನೈಟಿಯ ಅಂಚನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಳೆಯ ಕಡೆಗೆ ಹೊರಟೆ. ರಸ್ತೆಯಲ್ಲಿ ಯಾರೂ ಇರಲಿಲ್ಲ, ಬಿದಿರ ಮೆಳೆಗಳು ಎರಡೂ ಕಡೆಯಿಂದ ಹಿಂದಕ್ಕೆ ಓಡುತ್ತಿದ್ದವು, ಮಿಷನ್ ತುಳಿದು ತುಳಿದು ಕೂತಲ್ಲೇ ಇದ್ದ ನನ್ನ ಕಾಲು ಮೊದಲ ಸಲ ಎಲ್ಲಿಗೋ ಹೋಗುತ್ತಿತ್ತು. ಸೇತುವೆಯ ಹತ್ತಿರ ತಿರುಗಿಸುವಾಗ ನೈಟಿಯ ಅಂಚು ಜಾರಿತು, ಕಾಲು ನೆಲಕ್ಕೆ ಎಟುಕಲಿಲ್ಲ, ಬೈಕು ಬಲಕ್ಕೆ ವಾಲಿ ರಸ್ತೆಯಂಚಿನ ಗಡಿಕಲ್ಲಿಗೆ ಮುಖ ಕೊಟ್ಟಿತು. ಆನೆ ಅಡ್ಡ ಬಂತು ಎಂದಿದ್ದರೆ ನಮ್ಮೂರಿನಲ್ಲಿ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಆನೆ ಇರಲಿಲ್ಲ. ಆನೆಯ ಲದ್ದಿಯೂ ಇರಲಿಲ್ಲ.

ಎತ್ತಿ ನೋಡಿದೆ. ಪ್ಲಾಸ್ಟಿಕ್ಕು ಒಡೆದಿರಲಿಲ್ಲ, ಬಲಗಡೆ ಒಂದು ಗೀರು ಮಾತ್ರ. ಮೆಲ್ಲಗೆ ಮನೆಗೆ ತಂದು, ಅದಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿ, ಮೇಲೆ ಸ್ವಲ್ಪ ಧೂಳು ಹಾಕಿ, ಇದ್ದ ಕಡೆ ನಿಲ್ಲಿಸಿದೆ. ಒಳಗೆ ಬಲಗಡೆಯ ಕೊಂಬು ಬಾಗಿದ್ದು ನನಗೆ ಕಾಣಲಿಲ್ಲ. ಕಾಣಲಿಲ್ಲ ಎನ್ನುವುದು ಅರ್ಧ ನಿಜ. ಬಗ್ಗಿ ನೋಡಲು ಧೈರ್ಯ ಬರಲಿಲ್ಲ.

ಮಾರನೆಯ ದಿನ ಸಂಜೆ ನಂಜ ಬಿದ್ದ. ಪನಮರದಿಂದ ಬರುವಾಗ ನಮ್ಮ ಮನೆಯ ಓಣಿ ಎಡಕ್ಕೆ, ಇಕ್ಕಟ್ಟಿನ ತಿರುವು. ದಾರಿಯುದ್ದಕ್ಕೂ ಹ್ಯಾಂಡಲನ್ನು ಅಷ್ಟು ತಿರುಗಿಸುವ ಕೆಲಸ ಬಿದ್ದಿರಲಿಲ್ಲ. ಓಣಿಯ ಬಾಯಲ್ಲಿ ಪೂರ್ತಿ ತಿರುಗಿಸಲು ಹೋದಾಗ ಅರ್ಧದಲ್ಲೇ ನಿಂತಿತು. ಎಡಕ್ಕೆ ಬಿದ್ದ, ಎಡಗೈ ಮುರಿಯಿತು. ನಾನು ಮಿಷನ್ನಿನಿಂದ ಎದ್ದು ಓಡಿದೆ. ಅವ್ವ ನನಗಿಂತ ಮೊದಲು ಮುಟ್ಟಿದಳು, ಕೈ ನೋಡುವ ಮೊದಲು ಬಾಯಿ ಮೂಸಿದಳು.

"ನಾನ್ ಕುಡ್ದಿಲ್ಲ ಕಣವ್ವ," ಎಂದ ನಂಜ. "ಹ್ಯಾಂಡ್ಲು ತಿರುಗ್ನಿಲ್ಲ."

"ನಿಮ್ಮಪ್ಪನ ಸೈಕಲ್ ಹ್ಯಾಂಡ್ಲೂ ತಿರುಗ್ತಿರ್ನಿಲ್ಲ ಕಣ್ಲಾ," ಎಂದಳು ಅವ್ವ.

ವಾಸನೆ ಬರಲಿಲ್ಲ ಎಂದರೆ ಏಲಕ್ಕಿ ಅಗಿದಿದ್ದಾನೆ ಎಂದಳು. ಅವನು ಮಾದಪ್ಪನ ಪಟ ಮುಟ್ಟಿ ಆಣೆ ಮಾಡಿದ. ಅಪ್ಪ ಆ ಪಟವನ್ನು ಎಷ್ಟು ಸಲ ಮುಟ್ಟಿದ್ದ ಎಂದು ಅವ್ವ ಕೇಳಿದಳು. ನಾನು ಅಲ್ಲೇ ನಿಂತಿದ್ದೆ, ಅವನ ಕೈಗೆ ಕಟ್ಟಲು ನನ್ನದೇ ದುಪಟ್ಟಾ ಹರಿಯುತ್ತಿದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಟ್ಟೆಯನ್ನು ಎಷ್ಟು ಅಗಲಕ್ಕೆ ಹರಿಯಬೇಕು ಎಂದು ಯೋಚಿಸುತ್ತಿರುವವಳ ಹಾಗೆ ತಲೆ ತಗ್ಗಿಸಿದೆ.

ಆಮೇಲೆ ದಿನ ಕಳೆದ ಹಾಗೆ ಹೇಳುವುದು ಇನ್ನೂ ಕಷ್ಟವಾಯಿತು. ನೀವು ಇಂಥದ್ದನ್ನು ಬಲ್ಲವರಾದರೆ ವಿವರಿಸಬೇಕಿಲ್ಲ. ಅವ್ವ ಅವನ ಊಟದ ತಟ್ಟೆಯನ್ನು ಮಾತಿಲ್ಲದೆ ಇಡುತ್ತಿದ್ದಳು, ಅಪ್ಪನಿಗೆ ಇಡುತ್ತಿದ್ದ ಹಾಗೆ. ನಂಜ ಮೊದಮೊದಲು ಹ್ಯಾಂಡಲ್ ತಿರುಗಲಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದ. ಮೂರನೇ ವಾರಕ್ಕೆ, ಬಹುಶಃ ತೂಕಡಿಸಿರಬೇಕು ಎನ್ನತೊಡಗಿದ. ಅವನ ಬಾಯಿಂದ ಆ ಮಾತು ಬಂದಾಗ ನನ್ನ ಸೂಜಿ ಬೆರಳಿಗೆ ಹೊಕ್ಕಿತು. ಬೈಕನ್ನು ಟಾರ್ಪಾಲು ಹೊದಿಸಿ ಮೂಲೆಗೆ ತಳ್ಳಿಸಿದ. ಇನ್ನು ಓಡಿಸುವುದಿಲ್ಲವಂತೆ, ತನ್ನ ಮೇಲೆ ತನಗೇ ನಂಬಿಕೆ ಇಲ್ಲವಂತೆ. ಕಾಟಿಕ್ಕುಳದ ಒಬ್ಬರು ಕೊಳ್ಳಲು ಬಂದು ನೋಡಿ, ಡೂಮ್ ಸೊಟ್ಟ ಇದೆ, ನೇರ ಮಾಡಿಸಿಡಿ, ಭಾನುವಾರ ತೆಗೆದುಕೊಂಡು ಹೋಗುತ್ತೇನೆ ಎಂದರು.

ವರ್ಕ್‌ಶಾಪಿಗೆ ಕಳಿಸೋಣ ಎಂದ ನಂಜ. ನಾನು ಎದ್ದು ನಿಂತೆ. ಬೇಡ, ಮನೆಯಲ್ಲೇ ಮಾಡುತ್ತೇನೆ, ಒಂದು ಕಬ್ಬಿಣದ ತುಂಡು ನೆಟ್ಟಗೆ ಮಾಡಲು ಗಂಡಸು ಬೇಕೇನು, ಇಪ್ಪತ್ತು ಮೊಳೆ ಮಾಡಿದವಳು ನಾನೋ ನೀನೋ ಎಂದು ದೊಡ್ಡ ದನಿಯಲ್ಲಿ ಜಗಳಕ್ಕೇ ನಿಂತೆ. ಆ ಜಂಬದಲ್ಲಿ ಅರ್ಧ ನಿಜವಾದದ್ದು. ಉಳಿದರ್ಧ ಹೆದರಿಕೆ. ಬಲ್ಲ ಮೆಕ್ಯಾನಿಕ್ಕು ಬಿಚ್ಚಿ ನೋಡಿದರೆ, ಎಡಕ್ಕೆ ಬಿದ್ದ ಬೈಕಿನ ಬಲಗೊಂಬು ಯಾಕೆ ಬಾಗಿದೆ ಎಂದು ಕೇಳಿಯೇ ಕೇಳುತ್ತಾನೆ. ನಾನೇ ನೆಟ್ಟಗೆ ಮಾಡಿಬಿಟ್ಟರೆ ಕೊಂಬು ಬಾಯಿ ಬಿಡುವುದಿಲ್ಲ. ಇದೇ ನನ್ನ ತಪ್ಪಿನೊಳಗಿನ ತಪ್ಪು. ಬಿದ್ದದ್ದು ಬೈಕಿನ ಮೇಲಿಂದ, ಕೀಳಿಗೆ ಇಳಿದದ್ದು ಇಲ್ಲಿ.

ಶನಿವಾರ ಬೆಳಗ್ಗೆ ಅಂಗಳದಲ್ಲಿ ಶುರು ಮಾಡಿದೆ. ಬಿಚ್ಚಿದ ಸ್ಕ್ರೂಗಳು ಕಲಸಿಹೋಗದ ಹಾಗೆ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಸಾಲಾಗಿ ಇಟ್ಟೆ. ಅವ್ವ ಮೊರದಲ್ಲಿ ಮೆಣಸು ಕೇರುತ್ತಾ ಕೂತಿದ್ದವಳು, ನಾಳೆ ಇಡ್ಲಿಗೆ ಗ್ರೀಸಿನ ಒಗ್ಗರಣೆಯೇ ಎಂದು ಗೊಣಗಿದಳು. ಹೊಲಿಗೆಯ ಟೇಪು ತಂದು ಅಳೆದೆ. ಎಡಗೊಂಬಿಗೂ ಹ್ಯಾಂಡಲಿಗೂ ನಡುವೆ ನಾಲ್ಕು ಬೆರಳು, ಬಲಕ್ಕೆ ಒಂದೂ ಇಲ್ಲ. ಎಡಬಲ ಒಂದೇ ಅಳತೆಯ ಮನುಷ್ಯರನ್ನು ನಾನು ಇವತ್ತಿನವರೆಗೆ ಹೊಲಿದಿಲ್ಲ, ಆದರೆ ಇಷ್ಟು ವ್ಯತ್ಯಾಸ ಯಾರ ಹೆಗಲಲ್ಲೂ ಕಂಡಿಲ್ಲ. ಬಾವಿಯ ಮೋಟರಿನ ಹಳೆಯ ಪೈಪಿನ ತುಂಡೊಂದನ್ನು ಕೊಂಬಿಗೆ ತೊಡಿಸಿದೆ. ಕಬ್ಬಿಣವನ್ನು ಬೇಕಾದಷ್ಟೇ ಎಳೆದರೆ ಸಾಲದು, ಸ್ವಲ್ಪ ಆಚೆಗೆ ಎಳೆಯಬೇಕು, ಬಿಟ್ಟಾಗ ಅದು ಒಂದಿಷ್ಟು ಹಿಂದಕ್ಕೆ ಬಂದು ನಿಲ್ಲುತ್ತದೆ.

ಎಳೆಯಲು ಉಸಿರು ಕಟ್ಟುವ ಹೊತ್ತಿಗೆ ನಂಜ ಜಗಲಿಯಿಂದ ಇಳಿದು ಬಂದ. ಎಡಗೈ ಪ್ಲಾಸ್ಟರಿನಲ್ಲಿ ಕುತ್ತಿಗೆಗೆ ತೂಗುತ್ತಿತ್ತು. ಬೈಕಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಬಲಗೊಂಬಿನ ಬೆನ್ನನ್ನು ಹೆಬ್ಬೆರಳಿನಿಂದ ಸವರಿದ, ಮೊಳೆಯನ್ನು ಸವರುತ್ತಿದ್ದ ಹಾಗೆ.

"ಅಕ್ಕ, ನಾನು ಬಿದ್ದದ್ದು ಎಡಕ್ಕೆ."

ಉರುಳಿರಬೇಕು ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಎದ್ದು ಬಲಗೈಯಲ್ಲಿ ಹ್ಯಾಂಡಲ್ ಹಿಡಿದು ಎಡಕ್ಕೆ ತಿರುಗಿಸಿದ. ಬ್ರೇಕಿನ ಹಿಡಿ ಬಲಗೊಂಬಿಗೆ ಬಡಿದು ಟಕ್ ಎಂದು ನಿಂತಿತು. ಕೊಂಬಿನ ಕಪ್ಪು ಬಣ್ಣ ಅಲ್ಲಿ ಮೊದಲೇ ಕಿತ್ತು, ಒಳಗಿನ ಬಿಳಿ ಕಬ್ಬಿಣ ಕಾಣುತ್ತಿತ್ತು. ಇನ್ನೊಮ್ಮೆ ತಿರುಗಿಸಿದ. ಟಕ್. ಮತ್ತೊಮ್ಮೆ. ಅವನಿಗೆ ಸಿಟ್ಟು ಬರುತ್ತದೆ ಎಂದು ನಾನು ಕಾದಿದ್ದೆ. ಬಂದದ್ದು ಬೇರೆ.

"ಹ್ಯಾಂಡ್ಲು ತಿರುಗ್ನಿಲ್ಲ ಅಂದ್ನಲ್ಲ ನಾನು," ಎಂದ, ಯಾರಿಗೂ ಅಲ್ಲ, ಬೈಕಿಗೆ ಹೇಳುವ ಹಾಗೆ. "ತೂಕಡ್ಸಿರ್ನಿಲ್ಲ ನಾನು."

ಆಮೇಲೆ ನನ್ನ ಕಡೆ ತಿರುಗಿದ. ನಾನು ಪೈಪು ಹಿಡಿದು ಬಗ್ಗಿಯೇ ಇದ್ದೆ.

"ನಾವು ಕಣ್ಣು ತೋರ್ಸಕ್ಕೆ ಹೋದ ದಿನ ನೀನು ಇದನ್ನ ತಗ್ದಿದ್ದೆ. ನೇರಾಣೋ, ಅಕ್ಕ?"

ಮಾಷಿನ ದನಿ ಇರಲಿಲ್ಲ, ತಮಾಷೆ ಇರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ಅದನ್ನು ಮಲಯಾಳದ ಅರ್ಥದಲ್ಲಿ ಕೇಳಿದ್ದ. ನನ್ನ ಬೆನ್ನು ಮಾತ್ರ ಕನ್ನಡದಲ್ಲೇ ಕೇಳಿಸಿಕೊಂಡಿತು. ಪೈಪು ಬಿಟ್ಟು ನೆಟ್ಟಗೆ ನಿಂತೆ. ನಿಂತ ಮೇಲೆ ಸುಳ್ಳು ಹೇಳುವುದು ಹೇಗೆ?

"ನೇರು," ಎಂದೆ. "ತಗ್ದವ್ಳೂ ನಾನೇ, ಬೀಳ್ಸ್ದವ್ಳೂ ನಾನೇ. ನಿನ್ನ ಕೈ ಮುರ್ದವ್ಳೂ ನಾನೇ. ಓಡ್ಸಿದ್ದಕ್ಕೆ ತಪ್ಪಾಯ್ತು ಅನ್ನಲ್ಲ ನಂಜ, ಇನ್ನೂ ಓಡಿಸ್ತೀನಿ. ಅವ್ವ ನಿನ್ನ ಬಾಯಿ ಮೂಸ್ದಾಗ ಸುಮ್ನಿದ್ದೆನಲ್ಲ, ಅದು ತಪ್ಪಾಯ್ತು."

ಅವ್ವನ ಮೊರ ನಿಂತಿತ್ತು. ಎದ್ದು ಬಂದಳು. ನಂಜನ ಪ್ಲಾಸ್ಟರಿನ ಮೇಲೆ ಕೈಯಿಟ್ಟಳು, ಒಳಗಿರುವ ಮೂಳೆಗೆ ಕೇಳಿಸಲಿ ಎಂಬಂತೆ ಮೆಲ್ಲಗೆ ಎರಡು ಸಲ ತಟ್ಟಿದಳು. ತಪ್ಪಾಯ್ತು ಎನ್ನಲು ಅವಳಿಗೆ ಬರುವುದಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೈಟೀಲಾ?" ಎಂದಳು.

ನೈಟಿಯಲ್ಲೇ ಎಂದೆ. ಒಳಗೆ ಹೋಗಿ ಸೆರಗು ಸರಿಮಾಡಿಕೊಂಡು, ಚಪ್ಪಲಿ ಹಾಕಿಕೊಂಡು ಓಣಿಗೆ ಇಳಿದಳು. ಮಗ ಕುಡಿದು ಬಿದ್ದ ಎಂದು ಯಾವ ಯಾವ ಮನೆಯಲ್ಲಿ ಕೂತು ಅತ್ತಿದ್ದಳೋ ಆ ಮನೆಗಳಿಗೆಲ್ಲ ಒಂದೊಂದಾಗಿ ಹೋಗಿ, ನನ್ನ ಮಗ ಕುಡಿದಿರಲಿಲ್ಲ, ಮಗಳು ಓಡಿಸಿ ಕೆಡಿಸಿದ್ದಳು ಎಂದು ಹೇಳಿ ಬಂದಳು. ನೈಟಿಯ ಸಂಗತಿಯನ್ನೂ ಬಿಡಲಿಲ್ಲ.

ನಾನು ಮತ್ತೆ ಪೈಪು ಹಿಡಿದೆ. ನಂಜ ಹೋಗಲಿಲ್ಲ. ಎಳೆಯುವಾಗ ಬೈಕು ವಾಲುತ್ತಿತ್ತು, ಎಡಗಡೆ ನಿಂತು ಸೊಂಟ ಕೊಟ್ಟು ಬಲಗೈಯಲ್ಲಿ ಅದನ್ನು ಹಿಡಿದುಕೊಂಡ. ನಾಲ್ಕನೇ ಎಳೆತಕ್ಕೆ ಕೊಂಬು ಬಂತು. ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿತು. ಇನ್ನೊಂದು ಬೆರಳು ಬಾಕಿ ಇತ್ತು. ಬೆಸುಗೆಯ ಹತ್ತಿರ ಬಣ್ಣ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಇನ್ನೊಂದೇ ಒಂದು ಎಳೆತ ಎನ್ನಿಸಿತು. ಪೈಪು ಕೆಳಗಿಟ್ಟೆ.

ನಂಜ ಹನ್ನೊಂದು ದಿನ ನನ್ನ ಜೊತೆ ಮಾತು ಬಿಟ್ಟ. ಬಿಡಲಿ, ಅದು ಅವನ ಹಕ್ಕು. ಹನ್ನೊಂದು ದಿನವೂ ನಾನೇ ಅವನ ಶರ್ಟಿನ ಗುಂಡಿ ಹಾಕಿದೆ, ಅವನು ಗೋಡೆ ನೋಡುತ್ತಾ ಹಾಕಿಸಿಕೊಂಡ. ಆದರೆ ಆ ಶನಿವಾರವೇ ಕಾಟಿಕ್ಕುಳಕ್ಕೆ ಫೋನು ಮಾಡಿ ಬೈಕು ಕೊಡುವುದಿಲ್ಲ ಎಂದಿದ್ದ. ಪ್ಲಾಸ್ಟರು ತೆಗೆದ ದಿನ ಕೀಲಿಯನ್ನು ನನ್ನ ಮಿಷನ್ನಿನ ಮೇಲೆ ಇಟ್ಟು, ಚೂಡಿದಾರ ಹಾಕಿಕೊಂಡು ಬಾ ಎಂದ. ಅಂದಿನಿಂದ ವಾರದ ದಿನಗಳಲ್ಲಿ ಬೈಕು ಅವನದು, ಭಾನುವಾರ ನನ್ನದು. ಲೈಸೆನ್ಸಿಗೆ ಕಲಿಯುತ್ತಿದ್ದೇನೆ, ಹಾಗಾಗಿ ಅವನು ಹಿಂದೆ ಕೂತಿರುತ್ತಾನೆ. ಹೊಸ ಕೊಂಬು ತರಿಸೋಣ ಎಂದು ಅವನು ಒಂದು ಸಲವೂ ಹೇಳಿಲ್ಲ.

ಸೇಡು ಮಾತ್ರ ತೀರಿಸಿಕೊಂಡಿದ್ದಾನೆ. ಮಾಷಿನ ಕತೆಯನ್ನು ಚೆಕ್‌ಪೋಸ್ಟಿನಲ್ಲಿ, ಹಂಸನಿಗೆ, ಬಂಕಿನ ಹೆಂಗಸಿಗೆ, ಎಲ್ಲರಿಗೂ ಆಡಿ ತೋರಿಸಿದ್ದಾನೆ. ಈಗ ನಾನು ಹೋಗುವುದು ಕಂಡರೆ ಗೇಟು ಎತ್ತುವವನು ಒಂದು ಕೈ ಹಗ್ಗದ ಮೇಲಿಟ್ಟು ಕೂಗುತ್ತಾನೆ, "ರತ್ನಚೇಚಿ, ನೇರಾಣೋ?" ನನ್ನ ಬೆನ್ನು ಸೀಟಿನ ಮೇಲೆ ತಾನಾಗಿ ಸೆಟೆಯುತ್ತದೆ. ಹಿಂದೆ ಕೂತವನು ನಗುತ್ತಾನೆ, ಅದು ನನಗೆ ಬೆನ್ನಿನಲ್ಲೇ ಗೊತ್ತಾಗುತ್ತದೆ. ಬೈಕು ಒಂದು ಬೆರಳು ಎಡಕ್ಕೆ ನೋಡುತ್ತಾ ಮುಂದಕ್ಕೇ ಹೋಗುತ್ತದೆ.